ವಿಡಾಲ್ ಚೀಟಿಯ ಹಿಂದೆ ಅಡಗಿದ ಮಲೇರಿಯಾ

ಮಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋಗಿ ಬಂದ ಹುಡುಗ. ಅವನನ್ನು ತಾಯಿ ವಿಜಯಪುರದ ನಮ್ಮ ದವಾಖಾನೆಗೆ ಕರೆತಂದಿದ್ದರು. ಕೈಯಲ್ಲಿ ಮಡಚಿದ ಲ್ಯಾಬ್ ಚೀಟಿ. "ಟೈಫಾಯ್ಡ್ ಐತಂತ್ರಿ ಸಾಹೇಬ್ರ. ಐದು ದಿನಾ ಸಲೈನ್ ಹಚ್ಚೀವಿ, ಜ್ವರಾ ಇಳಿವಲ್ದು."

ಟೈಫಾಯ್ಡ್‌ಗೆಂದು ಮಾಡುವ ವಿಡಾಲ್ ರಕ್ತಪರೀಕ್ಷೆಯ ಫಲಿತಾಂಶ 1:80 ಅಂತಿತ್ತು. ಅದನ್ನು ಬದಿಗಿಟ್ಟು, ಜ್ವರ ಹೇಗೆ ಬರುತ್ತದೆ ಅಂತ ಹುಡುಗನನ್ನೇ ಕೇಳಿದೆ.

"ಮಧ್ಯಾಹ್ನ ಥಂಡಿ ಹತ್ತತೈತ್ರಿ. ಎರಡು ಕೌದಿ ಹೊದ್ರೂ ಹಲ್ಲು ಕಟಕಟ ಅಂತಾವು. ಆಮ್ಯಾಲೆ ಮೈಯೆಲ್ಲ ಕೆಂಡ. ಸಂಜಿಗೆ ಬೆವತು ಅಂಗಿ ತೊಯ್ತೈತಿ. ಒಂದಿನ ಬಿಟ್ಟು ಮತ್ತ ಹಂಗ."

ಗಾಜಿನ ಮೇಲೆ ಸವರಿದ ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಸಿಕ್ಕಿತು.

ಸೊಳ್ಳೆಯಿಂದ ಬಂದ ಮಲೇರಿಯಾ ಪರಾವಲಂಬಿ ಕೆಂಪು ರಕ್ತಕಣದೊಳಗೆ ಬೆಳೆದು ಅದನ್ನು ಒಡೆದಾಗ ನಡುಕ ಬರುತ್ತದೆ. ವೈವ್ಯಾಕ್ಸ್‌ನಲ್ಲಿ ಇದು ಸುಮಾರು 48 ತಾಸಿಗೊಮ್ಮೆ. ಟೈಫಾಯ್ಡ್ ಕೊಳಕು ನೀರು, ಆಹಾರದಿಂದ ಬರುವ ಬ್ಯಾಕ್ಟೀರಿಯಾ ಕಾಯಿಲೆ. ಜ್ವರ ದಿನದಿಂದ ದಿನಕ್ಕೆ ಮೆಲ್ಲಗೆ ಏರಿ ನಿಂತುಬಿಡುತ್ತದೆ. ನಾಲಿಗೆ ಬೆಳ್ಳಗೆ, ಹೊಟ್ಟೆನೋವು, ಊಟ ಬೇಡ. ಆದರೆ ಇವಿಷ್ಟನ್ನೇ ನಂಬಿ ಔಷಧಿ ಕೊಡಬಾರದು. ಫಾಲ್ಸಿಪೇರಂ ಎಂಬ ಇನ್ನೊಂದು ಬಗೆಯ ಮಲೇರಿಯಾ ಬಿಡದ ಜ್ವರವಾಗಿಯೂ ಬರಬಹುದು.

ನನ್ನ ನಿಜವಾದ ಸಂಕಟ ವಿಡಾಲ್ ಬಗ್ಗೆ. ಅದು ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ಹುಡುಕುತ್ತದೆ. ಹಿಂದೆಂದೋ ಟೈಫಾಯ್ಡ್ ಬಂದಿದ್ದರೂ, ಲಸಿಕೆ ಹಾಕಿಸಿದ್ದರೂ ಪಾಸಿಟಿವ್ ಬರಬಹುದು. ಮಲೇರಿಯಾ ಇದ್ದಾಗಲೂ ಬರುವುದುಂಟು. ಆದರೆ ನಿಜವಾದ ಟೈಫಾಯ್ಡ್‌ನ ಮೊದಲ ವಾರದಲ್ಲಿ ಅದೇ ನೆಗೆಟಿವ್ ಬಂದೀತು! ಟೈಫಾಯ್ಡ್ ಅನುಮಾನವಿದ್ದರೆ ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ, ರಕ್ತದಲ್ಲಿನ ರೋಗಾಣುವನ್ನೇ ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ಗೆ ರಕ್ತ ಕೊಡಿ. ವರದಿಗೆ ಕೆಲವು ದಿನ ಬೇಕು, ಆದರೂ ಕೊಡಿ.

ಮಲೇರಿಯಾ ಪರೀಕ್ಷೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ಕಿಟ್ ಇದ್ದರೆ ಅರ್ಧ ತಾಸಿನೊಳಗೆ ಫಲಿತಾಂಶ. ಒಮ್ಮೆ ನೆಗೆಟಿವ್ ಬಂದು ಜ್ವರ ಮುಂದುವರಿದರೆ ಮತ್ತೆ ಮಾಡಿಸಿ. ಮಂಗಳೂರಿಗೋ ಗೋವೆಗೋ ದುಡಿಯಲು ಹೋಗಿದ್ದರೆ ಡಾಕ್ಟರಿಗೆ ನೀವಾಗೇ ಹೇಳಿ, ಕೇಳಲಿ ಅಂತ ಕಾಯಬೇಡಿ.

ಕಣ್ಣು ಹಳದಿಯಾದರೆ, ಮಾತು ತಡಬಡಿಸಿದರೆ, ಫಿಟ್ಸ್ ಬಂದರೆ, ಟೈಫಾಯ್ಡ್‌ನವರಿಗೆ ತಟ್ಟನೆ ಹೊಟ್ಟೆ ಕಲ್ಲಿನಂತಾಗಿ ನೋವು ಬಂದರೆ ಅದೇ ತಾಸು ದೊಡ್ಡ ಆಸ್ಪತ್ರೆಗೆ ಹೋಗಿ. ಹೊಟ್ಟೆ ಹಾಗೆ ಕಲ್ಲಾದರೆ ಕರುಳು ತೂತಾಗಿರಬಹುದು.

ಹುಡುಗನಿಗೆ ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ ಅವನ ಮೈಗೆ ಆಗುತ್ತದೋ ಇಲ್ಲವೋ ಅಂತ ರಕ್ತ ಪರೀಕ್ಷಿಸಿ ಅದನ್ನು 14 ದಿನ ಬರೆದೆ. ಜ್ವರ ಇಳಿದ ಕೂಡಲೇ ಬಹಳ ಮಂದಿ ಗುಳಿಗೆ ಬಿಡುತ್ತಾರೆ. ಆಗ ಪಿತ್ತಜನಕಾಂಗದಲ್ಲಿ ಅಡಗಿದ ವೈವ್ಯಾಕ್ಸ್ ತಿಂಗಳುಗಳ ನಂತರ ಮತ್ತೆ ಏಳಬಹುದು. ಅದಕ್ಕೇ ಆ ವಿಡಾಲ್ ಚೀಟಿಯ ಹಿಂಬದಿಗೆ 14 ಗೆರೆ ಎಳೆದು ತಾಯಿಯ ಕೈಗೆ ಕೊಟ್ಟೆ, ದಿನಾ ಗುಳಿಗೆ ನುಂಗಿಸಿ ಒಂದೊಂದೇ ಹೊಡೆದುಹಾಕಿ ಅಂತ.