ಕಡಿಮೆ ಬಜೆಟ್‌ನ ಗ್ರಾಫಿಕ್ಸ್ ಕಾರ್ಡ್: ಹೆಸರಿಗಿಂತ ಮೊದಲು ಮೆಮೊರಿ ನೋಡಿ

"ಬಜೆಟ್ ಇಷ್ಟೇ ಇದೆ. 5060 ತಗೊಳ್ಳಲಾ, 9060 ಎಕ್ಸ್‌ಟಿ ತಗೊಳ್ಳಲಾ?"

ಗೇಮಿಂಗ್ ಪಿಸಿ ಜೋಡಿಸುವ ಕೆಲಸ ನನ್ನದು, ಹಾಗಾಗಿ ಈ ಪ್ರಶ್ನೆ ಬರುತ್ತಲೇ ಇರುತ್ತದೆ. 5060 ಅಂದರೆ ಎನ್‌ವಿಡಿಯಾದ ಆರ್‌ಟಿಎಕ್ಸ್ ಸಾಲಿನ ಕಾರ್ಡ್, 9060 ಎಕ್ಸ್‌ಟಿ ಅಂದರೆ ಎಎಂಡಿಯ ಆರ್‌ಎಕ್ಸ್ ಸಾಲಿನದು. ಉತ್ತರ ಹೇಳುವ ಮೊದಲು ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ: ಮಾನಿಟರ್ ಯಾವುದು, ಪ್ರೊಸೆಸರ್ ಮತ್ತು ಬೋರ್ಡ್ ಯಾವುದು, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಯಾವುದು. ಒಂದೇ ಕಾರ್ಡನ್ನು ಎರಡು ಬೇರೆ ಬೇರೆ ಪಿಸಿಗೆ ಹಾಕಿದರೆ ಒಂದರಲ್ಲಿ ಆಟ ನೀಟಾಗಿ ಓಡುತ್ತದೆ, ಇನ್ನೊಂದರಲ್ಲಿ ತಡವರಿಸುತ್ತದೆ. ದುಡ್ಡು ಜಾಸ್ತಿ ಇದ್ದವರಿಗೆ ಇದು ದೊಡ್ಡ ವಿಷಯವಲ್ಲ. ಲೆಕ್ಕ ಹಾಕಿ ಕೊಳ್ಳುವವರಿಗೆ ಇದೇ ಮುಖ್ಯ ವಿಷಯ.

ಮಾನಿಟರ್‌ನ ಲೆಕ್ಕ ಸುಲಭ. 1920×1080 (ಇದೇ 1080ಪಿ) ಅಂದರೆ ಒಂದು ಫ್ರೇಮ್‌ಗೆ, ಅಂದರೆ ಪರದೆಯ ಒಂದು ಚಿತ್ರಕ್ಕೆ, ಸುಮಾರು 20.7 ಲಕ್ಷ ಪಿಕ್ಸೆಲ್. 2560×1440 ಆದರೆ 36.9 ಲಕ್ಷ. 4ಕೆ ಆದರೆ 82.9 ಲಕ್ಷ, ಅಂದರೆ 1080ಪಿಯ ನಾಲ್ಕು ಪಟ್ಟು ಕೆಲಸ. ಕಡಿಮೆ ಬಜೆಟ್‌ನ ಕಾರ್ಡ್‌ಗಳು 1080ಪಿಗೆ ಸರಿಯಾಗಿ ಹೊಂದುತ್ತವೆ, ಒಳ್ಳೆಯವು 1440ಪಿಯನ್ನೂ ನಿಭಾಯಿಸುತ್ತವೆ. 4ಕೆ ಆಸೆಯನ್ನು ಈ ಬಜೆಟ್‌ನಲ್ಲಿ ಬಿಟ್ಟುಬಿಡಿ. ನಿಮ್ಮ ಮಾನಿಟರ್ 60 ಹರ್ಟ್ಸ್‌ನದಾದರೆ ಕಾರ್ಡ್ 140 ಎಫ್‌ಪಿಎಸ್ (ಸೆಕೆಂಡಿಗೆ 140 ಫ್ರೇಮ್) ಕೊಟ್ಟರೂ ಪರದೆಯ ಮೇಲೆ ಕಾಣುವುದು 60 ಮಾತ್ರ.

ಈಗ ಮೆಮೊರಿಗೆ ಬರೋಣ. ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ.

ಕಾರ್ಡ್ ಮೇಲಿರುವ ವಿಡಿಯೋ ಮೆಮೊರಿ, ಅಂದರೆ ವಿ-ರ್ಯಾಮ್, ತುಂಬುವವರೆಗೆ ಯಾರ ಗಮನಕ್ಕೂ ಬರುವುದಿಲ್ಲ. ತುಂಬಿದ ಮೇಲೆ ಮಾತ್ರ ಎಲ್ಲವೂ ಕೆಡುತ್ತದೆ. ಹೊಸ ಕಾರ್ಡ್ ಹಾಕಿಸಿಕೊಂಡಿದ್ದ ಒಬ್ಬ ಹುಡುಗ ಪಿಸಿಯನ್ನೇ ಹೊತ್ತು ತಂದಿದ್ದ. "ಅಣ್ಣಾ, ಕಾರ್ಡ್‌ನಲ್ಲೇ ಏನೋ ಫಾಲ್ಟ್ ಇರಬೇಕು ಅಲ್ವಾ? ಎಫ್‌ಪಿಎಸ್ 70 ತೋರಿಸುತ್ತೆ, ಆದ್ರೆ ಆಡೋಕೇ ಆಗಲ್ಲ." ಆಟ ಶುರು ಮಾಡಿದೆವು. ಮೊದಲ ಕೆಲವು ನಿಮಿಷ ಏನೂ ತೊಂದರೆಯಿಲ್ಲ. ಹೊಸ ಜಾಗಕ್ಕೆ ಹೋಗಿ ಕ್ಯಾಮೆರಾ ತಿರುಗಿಸಿದರೆ ಚಿತ್ರ ಒಂದು ಕ್ಷಣ ನಿಲ್ಲುತ್ತದೆ, ಗೋಡೆಗಳು ಮಸುಕಾಗಿ ಕಂಡು ಆಮೇಲೆ ಸ್ಪಷ್ಟವಾಗುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಪುಟ ತೆರೆದು ತೋರಿಸಿದೆ. ಡೆಡಿಕೇಟೆಡ್ ಮೆಮೊರಿ (ಕಾರ್ಡ್‌ನ ಸ್ವಂತದ್ದು) 8 ಜಿಬಿಯ ಅಂಚಿಗೆ ಬಂದು ನಿಂತಿತ್ತು, ಅದರ ಕೆಳಗಿನ ಶೇರ್ಡ್ ಮೆಮೊರಿಯ (ಪಿಸಿಯ ರ್ಯಾಮ್‌ನಿಂದ ಪಡೆದ ಜಾಗ) ಗೆರೆ ಮೇಲೇರುತ್ತಿತ್ತು. ಟೆಕ್ಸ್ಚರ್ (ಗೋಡೆ, ನೆಲದಂಥ ವಸ್ತುಗಳ ಮೇಲಿನ ಚಿತ್ರ) ಸೆಟ್ಟಿಂಗನ್ನು ಅಲ್ಟ್ರಾದಿಂದ ಎರಡು ಹಂತ ಇಳಿಸಿ ಆಟವನ್ನು ಮತ್ತೆ ಶುರು ಮಾಡಿದೆವು. ತಡವರಿಕೆ ನಿಂತುಹೋಯಿತು. ಕಾರ್ಡ್‌ನಲ್ಲಿ ಫಾಲ್ಟ್ ಏನೂ ಇರಲಿಲ್ಲ, ಅದಕ್ಕೆ ಜಾಗ ಸಾಲುತ್ತಿರಲಿಲ್ಲ ಅಷ್ಟೇ.

ಒಳಗೆ ಆಗುವುದು ಇಷ್ಟು. ಆರ್‌ಟಿಎಕ್ಸ್ 5060 ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 448 ಜಿಬಿ ವೇಗದಲ್ಲಿ ಓದಬಲ್ಲದು. ಜಾಗ ಸಾಲದೆ ಪಿಸಿಯ ರ್ಯಾಮ್‌ಗೆ ಹೋಗಬೇಕಾದರೆ ಬೋರ್ಡ್ ಮೇಲೆ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಮೂಲಕವೇ ಹೋಗಬೇಕು. ಈ ಕಾರ್ಡ್ ಬಳಸುವುದು ಆ ಸ್ಲಾಟ್‌ನ 16 ಲೇನ್‌ಗಳಲ್ಲಿ (ಡೇಟಾ ಓಡಾಡುವ ದಾರಿಗಳಲ್ಲಿ) 8 ಮಾತ್ರ. ಹಳೆಯ 3.0 ಸ್ಲಾಟ್ ಇರುವ ಬೋರ್ಡ್‌ನಲ್ಲಿ 8 ಲೇನ್ ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ. 448 ಎಲ್ಲಿ, 8 ಎಲ್ಲಿ! 60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮ್‌ಗೆ ಸಿಗುವ ಸಮಯ 16.7 ಮಿಲಿಸೆಕೆಂಡ್, ಅಷ್ಟರಲ್ಲಿ ಆ ದಾರಿಯಿಂದ ಟೆಕ್ಸ್ಚರ್ ಬಂದು ಮುಟ್ಟದಿದ್ದರೆ ಆ ಫ್ರೇಮ್ ತಡವಾಗುತ್ತದೆ, ನಿಮ್ಮ ಕಣ್ಣಿಗೆ ಅದು ಜರ್ಕ್ ಆಗಿ ಕಾಣುತ್ತದೆ. ಸರಾಸರಿ ಎಫ್‌ಪಿಎಸ್‌ನಲ್ಲಿ ಇದು ಮುಚ್ಚಿಹೋಗುತ್ತದೆ. ಅದಕ್ಕೇ ರಿವ್ಯೂ ನೋಡುವಾಗ ಸರಾಸರಿಯ ಪಕ್ಕದಲ್ಲಿರುವ 1% ಲೋ ಅಂಕಿಯನ್ನು (ಅತಿ ನಿಧಾನವಾದ ಶೇಕಡಾ ಒಂದರಷ್ಟು ಫ್ರೇಮ್‌ಗಳ ಎಫ್‌ಪಿಎಸ್) ನೋಡಿ. ಆಟ ಎಷ್ಟು ನಯವಾಗಿದೆ ಅನ್ನುವುದನ್ನು ಹೇಳುವುದು ಅದೇ.

ಬಹಳ ಜನ ಗಮನಿಸದ ಇನ್ನೊಂದು ಸಂಗತಿ ಇದೆ. ನೆರಳು, ಬೆಳಕು, ಪ್ರತಿಫಲನ ಇವುಗಳ ಸೆಟ್ಟಿಂಗ್ ಏರಿಸಿದರೆ ಎಫ್‌ಪಿಎಸ್ ಬೀಳುತ್ತದೆ. ಟೆಕ್ಸ್ಚರ್ ಏರಿಸಿದರೆ, ಮೆಮೊರಿಯಲ್ಲಿ ಜಾಗ ಇರುವವರೆಗೆ, ಎಫ್‌ಪಿಎಸ್ ಹೆಚ್ಚೇನೂ ಬೀಳುವುದಿಲ್ಲ. ಆಟ ಚೆನ್ನಾಗಿ ಕಾಣುವುದಕ್ಕೆ ಟೆಕ್ಸ್ಚರ್‌ನಷ್ಟು ಸಹಾಯ ಮಾಡುವ ಸೆಟ್ಟಿಂಗ್ ಬೇರೆ ಕಡಿಮೆ. ಅಂದರೆ ಜಾಸ್ತಿ ಮೆಮೊರಿ ಇರುವ ಸಾಧಾರಣ ಕಾರ್ಡ್ ಮೂರು ವರ್ಷ ಆದಮೇಲೂ ಒಳ್ಳೆಯ ಟೆಕ್ಸ್ಚರ್ ಇಟ್ಟುಕೊಂಡು ಬೇರೆ ಸೆಟ್ಟಿಂಗ್ ಇಳಿಸಿ ಓಡಬಲ್ಲದು.

8 ಜಿಬಿ ಕಾರ್ಡ್ ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ರಾಕೆಟ್ ಲೀಗ್ ಇಂಥವನ್ನೇ ಆಡುವವರಿಗೆ 1080ಪಿಯಲ್ಲಿ 8 ಜಿಬಿ ಧಾರಾಳವಾಗಿ ಸಾಕು. ದೊಡ್ಡ ಕಥೆಯ, ದೊಡ್ಡ ಜಗತ್ತಿನ ಹೊಸ ಆಟಗಳು ಬೇಕು, ಕಾರ್ಡ್ ನಾಲ್ಕೈದು ವರ್ಷ ಬರಬೇಕು ಅನ್ನುವವರು ಮಾತ್ರ 12 ಅಥವಾ 16 ಜಿಬಿ ನೋಡಲೇಬೇಕು.

ಇಲ್ಲೇ ಹೆಸರಿನ ಗೊಂದಲ ಶುರುವಾಗುತ್ತದೆ. ಆರ್‌ಟಿಎಕ್ಸ್ 5060 ಟಿಐ 8 ಜಿಬಿಯಲ್ಲೂ ಬರುತ್ತದೆ, 16 ಜಿಬಿಯಲ್ಲೂ ಬರುತ್ತದೆ. ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೇ. ಹೆಸರು ಒಂದೇ, ಡಬ್ಬಿ ಹೆಚ್ಚುಕಡಿಮೆ ಒಂದೇ, ಆನ್‌ಲೈನ್ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ. ಇಂಟರ್ನೆಟ್‌ನಲ್ಲಿ ನೋಡಿದ ರಿವ್ಯೂ 16 ಜಿಬಿಯದ್ದು, ಮನೆಗೆ ಬಂದದ್ದು 8 ಜಿಬಿಯದ್ದು ಆಗುವುದು ಹೀಗೆಯೇ. ಆದರೂ ಒಂದೇ ಹೆಸರಿನ 8 ಜಿಬಿ, 16 ಜಿಬಿ ಮಾದರಿಗಳಲ್ಲಿ ಚಿಪ್ ಒಂದೇ ಇರುತ್ತದೆ. ಆರ್‌ಟಿಎಕ್ಸ್ 3050ರ ವಿಷಯ ಇನ್ನೂ ಕಷ್ಟ. ಅದರ 8 ಜಿಬಿ ಮಾದರಿಯಲ್ಲಿ 2560 ಕೋರ್ ಮತ್ತು 128 ಬಿಟ್ ಮೆಮೊರಿ ಬಸ್ (ಚಿಪ್ ಮತ್ತು ಮೆಮೊರಿ ನಡುವಿನ ದಾರಿಯ ಅಗಲ) ಇದ್ದರೆ, 2024ರಲ್ಲಿ ಬಂದ 6 ಜಿಬಿ ಮಾದರಿಯಲ್ಲಿ 2304 ಕೋರ್ ಮತ್ತು 96 ಬಿಟ್. ಹೆಸರು ಮಾತ್ರ ಅದೇ. ಜಿಟಿಎಕ್ಸ್ 1060ರ ಕಾಲದಲ್ಲೂ 3 ಜಿಬಿ, 6 ಜಿಬಿ ಅಂತ ಇದೇ ಆಗಿತ್ತು. ಆದ್ದರಿಂದ ಬಿಲ್ ಮಾಡಿಸುವಾಗ ಮಾಡೆಲ್ ಹೆಸರಿನ ಜೊತೆ ಮೆಮೊರಿಯ ಅಂಕಿಯನ್ನೂ ಬರೆಸಿಕೊಳ್ಳಿ.

ಪ್ರೊಸೆಸರ್ ಸಾಕಾಗುತ್ತದೋ ಇಲ್ಲವೋ ಅಂತ ಕಂಡುಕೊಳ್ಳುವುದಕ್ಕೆ ದುಡ್ಡು ಬೇಕಿಲ್ಲ. ಈಗಿರುವ ಕಾರ್ಡ್‌ನಲ್ಲೇ ನೀವು ಆಡುವ ಆಟ ತೆರೆಯಿರಿ, ಒಂದು ಜಾಗದಲ್ಲಿ ನಿಂತು ಎಫ್‌ಪಿಎಸ್ ಬರೆದಿಟ್ಟುಕೊಳ್ಳಿ. ರೆಸಲ್ಯೂಶನ್ ಅನ್ನು 1280×720ಕ್ಕೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ತಡೆ ಇರುವುದು ಕಾರ್ಡ್‌ನಲ್ಲಿ, ಹೊಸದು ಕೊಂಡರೆ ಪ್ರಯೋಜನ ಇದೆ. ಏರಲೇ ಇಲ್ಲವಾ? ಹಾಗಾದರೆ ತಡೆ ಪ್ರೊಸೆಸರ್‌ನಲ್ಲಿದೆ, ಎಂಥ ಕಾರ್ಡ್ ಹಾಕಿದರೂ ಆ ಅಂಕಿ ಮೇಲೆ ಹೋಗುವುದಿಲ್ಲ. ಎಷ್ಟೋ ಸಲ ಒಂದೇ ರ್ಯಾಮ್ ಸ್ಟಿಕ್ ಇರುವ ಪಿಸಿಗೆ ಅದೇ ತರಹದ ಇನ್ನೊಂದು ಸ್ಟಿಕ್ ಹಾಕಿ ಡ್ಯುಯಲ್ ಚಾನೆಲ್ ಮಾಡಿದರೆ, ಬಯೋಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ ಪುಟ) ರ್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿದರೆ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಇಂಟೆಲ್ ಆರ್ಕ್ ಬಿ580 ಕೊಳ್ಳುವವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. 2024ರ ಡಿಸೆಂಬರ್‌ನಲ್ಲಿ ಬಂದ ಈ ಕಾರ್ಡ್‌ನಲ್ಲಿ 12 ಜಿಬಿ ಮೆಮೊರಿ, 192 ಬಿಟ್ ಬಸ್ ಇದೆ. ಈ ವರ್ಗದಲ್ಲಿ ನನಗೆ ಬಹಳ ಇಷ್ಟವಾದ ಕಾರ್ಡ್. ಆದರೆ ಅದಕ್ಕೆ ಬೋರ್ಡ್‌ನಲ್ಲಿ ರೀಸೈಜಬಲ್ ಬಾರ್ (ಪ್ರೊಸೆಸರ್‌ಗೆ ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಒಮ್ಮೆಗೇ ತಲುಪಲು ಬಿಡುವ ಸೆಟ್ಟಿಂಗ್) ಆನ್ ಇರಲೇಬೇಕು. ಇಂಟೆಲ್ 10ನೇ ಪೀಳಿಗೆ ಅಥವಾ ರೈಜನ್ 3000 ಸರಣಿಗಿಂತ ಹಳೆಯ ಪ್ರೊಸೆಸರ್ ಇದ್ದವರು ಅದರ ಕಡೆ ನೋಡುವುದೇ ಬೇಡ. ಜೊತೆಗೆ ಅದರ ಡ್ರೈವರ್ ಪ್ರೊಸೆಸರ್‌ನಿಂದ ಹೆಚ್ಚು ಕೆಲಸ ಕೇಳುತ್ತದೆ. ರೈಜನ್ 5 3600ನಂಥ ಪ್ರೊಸೆಸರ್ ಜೊತೆ ಕೆಲವು ಆಟಗಳಲ್ಲಿ ಅದು ರಿವ್ಯೂಗಳಲ್ಲಿ ಕಂಡಷ್ಟು ಎಫ್‌ಪಿಎಸ್ ಕೊಡುವುದಿಲ್ಲ. ರಿವ್ಯೂ ಮಾಡುವವರು ಸಾಮಾನ್ಯವಾಗಿ ಅತಿ ವೇಗದ ಪ್ರೊಸೆಸರ್ ಹಾಕಿ ಅಳೆಯುತ್ತಾರಲ್ಲ, ಅದಕ್ಕೇ ಈ ವ್ಯತ್ಯಾಸ. ಹೊಸ ಪ್ರೊಸೆಸರ್ ಜೊತೆ ಹೊಸ ಪಿಸಿ ಕಟ್ಟುತ್ತಿದ್ದರೆ ಧೈರ್ಯವಾಗಿ ತಗೊಳ್ಳಿ.

ಹಳೆಯ 3.0 ಸ್ಲಾಟ್ ಬೋರ್ಡ್ ಇಟ್ಟುಕೊಂಡು ಕಾರ್ಡ್ ಮಾತ್ರ ಬದಲಿಸುವವರಿಗೆ ನಾನು ಹೇಳುವುದು ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ. ಅದು ಪೂರ್ತಿ 16 ಲೇನ್ ಬಳಸುತ್ತದೆ, ಸ್ಲಾಟ್ ಹಳೆಯದಾದರೂ ಏಟು ಕಡಿಮೆ. ಮೆಮೊರಿ ಸಾಕಷ್ಟಿರುವುದರಿಂದ ಆ ದಾರಿಯಲ್ಲಿ ಓಡಾಟವೂ ಕಡಿಮೆ. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಆಸೆ ಇದ್ದು, 3ಡಿ ಚಿತ್ರ ಮಾಡುವ ಬ್ಲೆಂಡರ್ ಅಥವಾ ವಿಡಿಯೋ ಎಡಿಟಿಂಗ್ ಕೆಲಸವೂ ಇದ್ದರೆ ಆರ್‌ಟಿಎಕ್ಸ್ 5060 ಟಿಐ 16 ಜಿಬಿಗೆ ಸ್ವಲ್ಪ ಜಾಸ್ತಿ ಕೊಡುವುದು ತಪ್ಪಲ್ಲ. ಎಸ್‌ಎಂಪಿಎಸ್‌ನಿಂದ ಕಾರ್ಡ್‌ಗೆ ಬರುವ ಕೇಬಲ್ಲೇ ಇಲ್ಲದ ಆಫೀಸ್ ಪಿಸಿ ನಿಮ್ಮದಾದರೆ ಆ 3050ರ 6 ಜಿಬಿ ಮಾದರಿಗೆ ಅದರದ್ದೇ ಜಾಗ ಇದೆ: 70 ವ್ಯಾಟ್ ಸಾಕು, ಅದು ಸ್ಲಾಟ್‌ನಿಂದಲೇ ಸಿಗುತ್ತದೆ.

ಹೊಸದಾಗಿ ಸಿಗುತ್ತಿದೆ, ರೇಟ್ ಕಡಿಮೆ ಇದೆ ಅಂತ ಜಿಟಿಎಕ್ಸ್ 1650, 1660 ತಗೊಳ್ಳಬೇಡಿ. 2024ರ ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್, 2025ರ ಡೂಮ್: ದ ಡಾರ್ಕ್ ಏಜಸ್ ಈ ಎರಡು ಆಟಗಳೂ ಹಾರ್ಡ್‌ವೇರ್ ರೇ ಟ್ರೇಸಿಂಗ್ ಇರುವ ಕಾರ್ಡನ್ನೇ ಕೇಳುತ್ತವೆ, ಈ ಕಾರ್ಡ್‌ಗಳಲ್ಲಿ ಅದಿಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿ ಕೂಡ ಬೇಡ. 4 ಜಿಬಿ ಮೆಮೊರಿ, 4 ಲೇನ್ ಮಾತ್ರ. ಮೇಲೆ ಹೇಳಿದ ತೊಂದರೆ ಎಲ್ಲಕ್ಕಿಂತ ಜೋರಾಗಿ ಕಾಣುವುದು ಅದರಲ್ಲೇ.

ಫ್ರೇಮ್ ಜನರೇಶನ್ (ನಿಜವಾದ ಫ್ರೇಮ್‌ಗಳ ನಡುವೆ ಕಾರ್ಡ್ ತಾನೇ ಮಾಡಿದ ಫ್ರೇಮ್ ಸೇರಿಸುವುದು) ಬಗ್ಗೆ ಒಂದು ಮಾತು. ಕಂಪನಿಗಳ ಗ್ರಾಫ್‌ನಲ್ಲಿ ಹೊಸ ಕಾರ್ಡ್ ಹಳೆಯದಕ್ಕಿಂತ ಎರಡು ಪಟ್ಟು, ಮೂರು ಪಟ್ಟು ಅಂತ ಕಂಡರೆ ಅದರ ಕೆಳಗಿನ ಸಣ್ಣ ಅಕ್ಷರ ಓದಿ. ನಡುವೆ ಸೇರಿಸಿದ ಫ್ರೇಮ್‌ಗಳನ್ನೂ ಎಣಿಸಿರುತ್ತಾರೆ. ನಿಜವಾದ ಎಫ್‌ಪಿಎಸ್ 60ರ ಹತ್ತಿರ ಇದ್ದಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. 25, 30 ಇದ್ದಾಗ ಪರದೆಯ ಮೇಲೆ ನಯವಾಗಿ ಕಂಡರೂ ಮೌಸ್ ಭಾರವಾದಂತೆ ಅನ್ನಿಸುತ್ತದೆ. ಫ್ರೇಮ್ ಜನರೇಶನ್‌ಗೂ ವಿಡಿಯೋ ಮೆಮೊರಿ ಬೇಕು. ಹಾಗಾಗಿ ಸಹಾಯ ಬೇಕಾದ 8 ಜಿಬಿ ಕಾರ್ಡ್‌ಗೇ ಅದು ಒಮ್ಮೊಮ್ಮೆ ಹೊರೆಯಾಗುತ್ತದೆ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ 4, ಎಕ್ಸ್‌ಇಎಸ್‌ಎಸ್ ಇವುಗಳ ಅಪ್‌ಸ್ಕೇಲಿಂಗ್ (ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಮಾಡಿ ದೊಡ್ಡದಾಗಿಸುವುದು) ಮಾತ್ರ ಬಹಳ ಉಪಯುಕ್ತ, ಕ್ವಾಲಿಟಿ ಮೋಡ್‌ನಲ್ಲಿ ಧಾರಾಳವಾಗಿ ಬಳಸಿ.

ಕೊನೆಯದಾಗಿ ಎಸ್‌ಎಂಪಿಎಸ್. ಅದರ ಮೇಲಿನ ದೊಡ್ಡ ಅಂಕಿಯನ್ನು ನಂಬಬೇಡಿ. ಪಕ್ಕದ ಸ್ಟಿಕರ್‌ನಲ್ಲಿ +12ವಿ ಅಂತ ಇರುವ ಸಾಲು ಹುಡುಕಿ, ಅಲ್ಲಿನ ಆಂಪಿಯರ್ ಅನ್ನು 12ರಿಂದ ಗುಣಿಸಿ. 450 ಅಂತ ಬರೆದಿರುವ ಡಬ್ಬಿಯಲ್ಲಿ 12 ವೋಲ್ಟ್‌ಗೆ 18 ಆಂಪಿಯರ್ ಮಾತ್ರ ಇದ್ದರೆ ಸಿಗುವುದು 216 ವ್ಯಾಟ್. 5060 ಒಂದೇ 145 ವ್ಯಾಟ್ ತೆಗೆದುಕೊಳ್ಳುತ್ತದೆ, ಅದರ ಮೇಲೆ ಪ್ರೊಸೆಸರ್, ಫ್ಯಾನ್, ಡಿಸ್ಕ್ ಇವೆ. ಅಂಥ ಎಸ್‌ಎಂಪಿಎಸ್ ಆಟದ ಮಧ್ಯೆ ಪಿಸಿಯನ್ನು ಆಫ್ ಮಾಡುತ್ತದೆ, ಜನ ಕಾರ್ಡನ್ನು ಬೈಯುತ್ತಾರೆ. ಕಾರ್ಡ್‌ನ 8 ಪಿನ್ ಕನೆಕ್ಟರ್ 150 ವ್ಯಾಟ್‌ವರೆಗೆ ಎಳೆಯಬಹುದು. ಹಾರ್ಡ್ ಡಿಸ್ಕ್‌ನ ವೈರ್‌ನಿಂದ 8 ಪಿನ್ ಮಾಡಿಕೊಡುವ ಕನ್ವರ್ಟರ್‌ಗಳನ್ನು ದಯವಿಟ್ಟು ಬಳಸಬೇಡಿ, ಕರಗಿ ಅಂಟಿಕೊಂಡ ಪ್ಲಾಸ್ಟಿಕ್ ಕಿತ್ತು ತೆಗೆಯುವ ಕೆಲಸ ಯಾರಿಗೂ ಬೇಡ. ಕ್ಯಾಬಿನೆಟ್ ಒಳಗೆ ಎಷ್ಟು ಮಿಲಿಮೀಟರ್ ಉದ್ದದ ಕಾರ್ಡ್ ಹಿಡಿಯುತ್ತದೆ ಅಂತ ಅಳೆದೇ ಆರ್ಡರ್ ಮಾಡಿ.

ಕಾರ್ಡ್ ಬಂದ ಮೇಲೆ ಹಳೆಯ ಡ್ರೈವರನ್ನು ಪೂರ್ತಿ ತೆಗೆದು ಹೊಸದು ಹಾಕಿ. ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ನಿಮ್ಮ ಅತಿ ಭಾರದ ಆಟವನ್ನು ಒಂದು ಗಂಟೆ ಬಿಡದೆ ಓಡಿಸಿ, ತಾಪಮಾನ, ಫ್ಯಾನ್ ಸದ್ದು, ಕಾಯಿಲ್‌ನ ಕೀರಲು ಸದ್ದು ಎಲ್ಲ ಗಮನಿಸಿ. ಡಬ್ಬಿ ಮತ್ತು ಕಾರ್ಡ್ ಮೇಲಿನ ಸೀರಿಯಲ್ ನಂಬರ್ ಒಂದೇ ಇದೆಯಾ ನೋಡಿ, ಎರಡರ ಫೋಟೋ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ. ವಾರಂಟಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.