ಒಂದೇ ದಿನದ ಸ್ಕೀ ಟೂರಿಂಗ್‌ಗೆ ಇಷ್ಟೆಲ್ಲ ಹೊರಬೇಕೆ?

ಓದುಗರ ಪ್ರಶ್ನೆ: ನಾವು ಬೆಂಗಳೂರಿನ ನಾಲ್ವರು ಗೆಳೆಯರು. ಎರಡು ಚಳಿಗಾಲ ಗುಲ್ಮಾರ್ಗ್‌ಗೆ ಹೋಗಿ ಸ್ಕೀಯಿಂಗ್ ಕಲಿತಿದ್ದೇವೆ. ಬರುವ ಫೆಬ್ರವರಿಯಲ್ಲಿ ಗೈಡ್ ಒಬ್ಬರ ಜೊತೆ ಮೊದಲ ಸಲ, ಸ್ಕೀ ತೊಟ್ಟೇ ಬೆಟ್ಟ ಏರಿ ಜಾರಿ ಇಳಿಯುವ ಒಂದು ದಿನದ ಸ್ಕೀ ಟೂರಿಂಗ್‌ಗೆ ಹೋಗಬೇಕೆಂದಿದ್ದೇವೆ. ಅವರು ಕಳಿಸಿದ ಸಾಮಾನಿನ ಪಟ್ಟಿ ನೋಡಿದರೆ ವಾರದ ಚಾರಣಕ್ಕೆ ಹೊರಟಂತಿದೆ. ಬೆಳಿಗ್ಗೆ ಹೋಗಿ ಸಂಜೆ ಬರುವುದಕ್ಕೆ ಇಷ್ಟೆಲ್ಲ ಬೇಕೆ? ಸಲಿಕೆಯಂಥವನ್ನು ನಾಲ್ವರಿಗೆ ಒಂದರಂತೆ ಒಯ್ದರೆ ಸಾಲದೆ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸಾಲದು. ನಿಮ್ಮ ಬೆನ್ನಿನ ಮೇಲಿರುವ ಸಲಿಕೆ ನಿಮಗಾಗಿ ಇರುವುದಲ್ಲ. ಹಿಮದಡಿ ಹೂತುಹೋದವರು ತಮ್ಮ ಸಲಿಕೆಯಿಂದ ತಮ್ಮನ್ನೇ ಅಗೆದುಕೊಳ್ಳಲಾರರು. ಅವರನ್ನು ಹೊರತೆಗೆಯುವುದು ಮೇಲುಳಿದವರ ಸಲಿಕೆ. ನಾಲ್ವರ ನಡುವಿನ ಆ ಒಂದೇ ಸಲಿಕೆ ಹೂತವರ ಬೆನ್ನಿನ ಮೇಲೆಯೇ ಇದ್ದುಬಿಟ್ಟರೆ ಉಳಿದ ಮೂವರು ಬರಿಗೈಯಲ್ಲಿ ಕೆದಕಬೇಕಾಗುತ್ತದೆ. ಕುಸಿದು ಬಂದ ಹಿಮ ಹರಿಯುವಾಗ ಎಷ್ಟು ಪುಡಿಯಾಗಿದ್ದರೂ ನಿಂತ ಕ್ಷಣದಲ್ಲಿ ಗಾರೆಯಂತೆ ಬಿಗಿದುಕೊಳ್ಳುವುದರಿಂದ ಬರಿಗೈಯಲ್ಲಿ ಆ ಕೆಲಸ ಆಗುವುದಿಲ್ಲ.

ಇಲ್ಲಿ ಒಂದು ಪದದ ಗೊಂದಲವನ್ನು ತಿಳಿಗೊಳಿಸಬೇಕು. ನಮ್ಮ ಪತ್ರಿಕೆಗಳು ಆಕಾಶದಿಂದ ಹಿಮ ಸುರಿಯುವುದನ್ನೂ ಬೆಟ್ಟದ ಮೇಲಿನ ಹಿಮ ಜರಿದು ಬರುವುದನ್ನೂ ‘ಹಿಮಪಾತ’ ಎಂದೇ ಬರೆಯುತ್ತವೆ. ಮೊದಲನೆಯದಕ್ಕಾಗಿ ನೀವು ಕಾಶ್ಮೀರಕ್ಕೆ ಹೋಗುತ್ತೀರಿ, ಎರಡನೆಯದಕ್ಕೆ ಹೆದರುತ್ತೀರಿ. ಆದ್ದರಿಂದ ಎರಡನೆಯದನ್ನು ನಾನು ಹಿಮಕುಸಿತ ಎಂದೇ ಕರೆಯುತ್ತೇನೆ.

ಹೆದರಿಕೆಗೆ ಕಾರಣವಿದೆ. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾ ಎಂಬ ಕೇಬಲ್ ಕಾರಿನ ಎರಡನೆಯ ಹಂತ ನಿಮ್ಮನ್ನು ಅಫರ್ವತ್ ಬೆಟ್ಟದ ಹೆಗಲ ಮೇಲೆ ಸುಮಾರು 3,950 ಮೀಟರ್‌ಗೆ, ಎಂದರೆ ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗೂ ಮೇಲಿನ ಎತ್ತರಕ್ಕೆ, ಕುಳಿತಲ್ಲಿಂದಲೇ ತಲುಪಿಸಿಬಿಡುತ್ತದೆ. ಹೀಗೆ ಸುಲಭವಾಗಿ ಏರಿದವರಿಗೆ ಸುತ್ತಲಿನ ಇಳಿಜಾರೆಲ್ಲ ಸ್ಕೀ ಮೈದಾನದಂತೆ ಕಾಣುತ್ತದೆ. ಆದರೆ ಸ್ಕೀ ಪಟ್ರೋಲ್‌ನವರು ಕಾಯುವುದು ಗೊಂಡೋಲಾದ ಕೆಳಗಿನ ಬೋಗುಣಿಯಾಕಾರದ ಮುಖ್ಯ ಇಳಿಜಾರನ್ನು ಮಾತ್ರ. ಅದರ ಆಚೀಚೆ ದಾಟಿದರೆ ಅದು ಬರಿಯ ಬೆಟ್ಟ. 2023ರ ಫೆಬ್ರವರಿ 1ರಂದು ಅಫರ್ವತ್‌ನ ಹಾಪತ್‌ಖುಡ್ ಕಡೆ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತದಲ್ಲಿ ತೀರಿಕೊಂಡರು. ಮರುವರ್ಷ ಅದೇ ತಿಂಗಳಲ್ಲಿ ರಷ್ಯಾದ ಸ್ಕೀಯರ್ ಒಬ್ಬರು ಅದೇ ಬೆಟ್ಟದಲ್ಲಿ ಹಾಗೆಯೇ ಜೀವ ಕಳೆದುಕೊಂಡರು. ಅವರೂ ಬೆಳಿಗ್ಗೆ ಹೋಗಿ ಸಂಜೆ ಮರಳಬೇಕಾಗಿದ್ದವರೇ.

ಆದ್ದರಿಂದ ನಾಲ್ವರಲ್ಲಿ ಪ್ರತಿಯೊಬ್ಬರ ಬಳಿಯೂ ಇರಲೇಬೇಕಾದ ವಸ್ತುಗಳು ಮೂರು: ಟ್ರಾನ್ಸೀವರ್, ಪ್ರೋಬ್, ಸಲಿಕೆ. ಬೀಕನ್ ಎಂದೂ ಕರೆಯಲಾಗುವ ಟ್ರಾನ್ಸೀವರ್ ಅಂಗೈಯಗಲದ ರೇಡಿಯೋ ಪೆಟ್ಟಿಗೆ. ಅದು ದಿನವಿಡೀ 457 ಕಿಲೋಹರ್ಟ್ಸ್‌ನಲ್ಲಿ ಸುಮಾರು ಸೆಕೆಂಡಿಗೊಂದರಂತೆ ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹೂತುಹೋದರೆ ಉಳಿದವರು ತಮ್ಮ ಪೆಟ್ಟಿಗೆಯನ್ನು ಹುಡುಕುವ ಸ್ಥಿತಿಗೆ ತಿರುಗಿಸಿ ಆ ಸಂಕೇತದ ಬೆನ್ನು ಹತ್ತುತ್ತಾರೆ. ಎಲ್ಲ ಕಂಪನಿಗಳ ಪೆಟ್ಟಿಗೆಗಳೂ ಇದೇ ಆವರ್ತನದಲ್ಲಿ ಮಾತಾಡುವುದರಿಂದ ನಿಮ್ಮದು, ಗೈಡ್‌ದು ಬೇರೆ ಬೇರೆ ಕಂಪನಿಯದಾದರೂ ಚಿಂತೆಯಿಲ್ಲ. ಇದನ್ನು ಎಂದೂ ಬ್ಯಾಗಿನಲ್ಲಿಡಬಾರದು. ಕುಸಿತದ ರಭಸಕ್ಕೆ ಬ್ಯಾಗು ಕಳಚಿ ಹೋಗಬಹುದು. ಹಾಗಾಗಿ ಅದರ ಪಟ್ಟಿಯನ್ನು ಒಳ ಅಂಗಿಯ ಮೇಲೆ, ಜಾಕೆಟ್ಟಿನ ಕೆಳಗೆ, ಮೈಗೇ ಬಿಗಿಯಬೇಕು. ಮೊಬೈಲು, ಬ್ಯಾಟರಿಯಿಂದ ಬಿಸಿಯಾಗುವ ಕೈಗವಸು ಮುಂತಾದ ವಿದ್ಯುತ್ ಉಪಕರಣಗಳು ಇದರಿಂದ ಕಡೆಯಪಕ್ಷ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿರಬೇಕು, ಇಲ್ಲವಾದರೆ ಸಂಕೇತ ಕದಡುತ್ತದೆ. ಪೆಟ್ಟಿಗೆಯ ಕೈಪಿಡಿ ಬೇರೆ ಹೇಳದಿದ್ದರೆ ಹೊಸ ಆಲ್ಕಲೈನ್ ಸೆಲ್ಲುಗಳನ್ನೇ ಹಾಕಿ. ರೀಚಾರ್ಜ್ ಮಾಡುವ ಸೆಲ್ಲುಗಳು ತುಂಬಿವೆ ಎಂದು ತೋರಿಸುತ್ತಲೇ ಚಳಿಯಲ್ಲಿ ಇದ್ದಕ್ಕಿದ್ದಂತೆ ಕೈಕೊಡುತ್ತವೆ. ಒಮ್ಮೆ ನಾನು ಬಾಡಿಗೆಗೆ ಪಡೆದ ಪೆಟ್ಟಿಗೆಯಲ್ಲಿ ಸೆಲ್ ಅರ್ಧಕ್ಕಿಂತ ಕಡಿಮೆ ಇದ್ದುದು ಗೊಂಡೋಲಾ ಹತ್ತುವ ಸಾಲಿನಲ್ಲಿ ನಿಂತಾಗ ಕಣ್ಣಿಗೆ ಬಿತ್ತು. ಅಂದಿನಿಂದ ಬಾಡಿಗೆಯ ಪೆಟ್ಟಿಗೆಯನ್ನು ಅಂಗಡಿಯ ಮುಂದೆಯೇ ಚಾಲೂ ಮಾಡಿ ನೋಡುತ್ತೇನೆ. ಸೆಲ್ಲನ್ನು ಮಾತ್ರ ಶ್ರೀನಗರದಲ್ಲೇ ಕೊಂಡುಬಿಡುತ್ತೇನೆ.

ಹೊರಡುವ ಮುನ್ನ ಗೈಡ್ ಹತ್ತು ಹೆಜ್ಜೆ ಮುಂದೆ ಹೋಗಿ ನಿಂತು ತಮ್ಮ ಪೆಟ್ಟಿಗೆಯನ್ನು ಹುಡುಕುವ ಸ್ಥಿತಿಗೆ ತಿರುಗಿಸಿ, ನಿಮ್ಮನ್ನು ಒಬ್ಬೊಬ್ಬರಾಗಿ ಅಂತರ ಬಿಟ್ಟು ತಮ್ಮ ಮುಂದಿನಿಂದ ಹಾದು ಹೋಗಲು ಹೇಳಬೇಕು. ಪ್ರತಿಯೊಬ್ಬರೂ ಹಾಯುವಾಗ ಗೈಡ್ ಪೆಟ್ಟಿಗೆಯಲ್ಲಿ ದೂರ ತೋರಿಸುವ ಅಂಕಿ ಇಳಿದು ಮತ್ತೆ ಏರುವುದು ಕಾಣುತ್ತದೆ. ಗೈಡ್ ಇದನ್ನು ಮಾಡದೆ ಹೊರಟರೆ ನೀವೇ ಕೇಳಿ, ಸಂಕೋಚಪಡಬೇಡಿ.

ಟ್ರಾನ್ಸೀವರ್ ನಿಮ್ಮನ್ನು ಹೂತವರ ಹತ್ತಿರ ತರುತ್ತದೆ. ಎಲ್ಲಿ, ಎಷ್ಟು ಆಳದಲ್ಲಿ ಎಂಬುದನ್ನು ಖಚಿತಪಡಿಸುವುದು ಪ್ರೋಬ್. ಟೆಂಟಿನ ಕಂಬದಂತೆ ಮಡಚಿ, ಎಳೆದು ಬಿಗಿಯುವ ಈ ಕೋಲು ಬಿಡಿಸಿದಾಗ 240 ಸೆಂಟಿಮೀಟರ್‌ಗಿಂತ ಗಿಡ್ಡವಾಗಿರಬಾರದು. ಸಲಿಕೆಯ ಎಲೆ ಲೋಹದ್ದಾಗಿರಬೇಕು; ಪ್ಲಾಸ್ಟಿಕ್ಕಿನದು ಗಟ್ಟಿ ಹಿಮಕ್ಕೆ ಬಡಿದರೆ ಪುಟಿಯುತ್ತದೆ, ಇಲ್ಲವೆ ಒಡೆಯುತ್ತದೆ. ಇವೆರಡನ್ನೂ ಬ್ಯಾಗಿನ ಹೊರಭಾಗದ ಪ್ರತ್ಯೇಕ ಖಾನೆಯಲ್ಲಿ, ಕೈ ಹಾಕಿದೊಡನೆ ಸಿಗುವಂತೆ ಇಡಬೇಕು. ಹೂತವರನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ, ಅರ್ಧ ಗಂಟೆಯಾದರೆ ಉಳಿಯುವವರು ಸುಮಾರು ಮೂವರು. ಊಟದ ಡಬ್ಬಿಯನ್ನೂ ಸ್ವೆಟರನ್ನೂ ಹೊರಗೆಸೆದು ಸಲಿಕೆಗಾಗಿ ತಡಕಾಡುವ ಒಂದು ನಿಮಿಷ ಆ ಹತ್ತರಲ್ಲಿಯ ಒಂದು ನಿಮಿಷ. ಬೆಂಗಳೂರಿನಲ್ಲೇ, ಮನೆಯ ತಾರಸಿಯ ಮೇಲೆ, ದಪ್ಪ ಕೈಗವಸು ತೊಟ್ಟು ಪ್ರೋಬ್ ಬಿಡಿಸುವುದನ್ನೂ ಸಲಿಕೆಗೆ ಹಿಡಿ ಸಿಕ್ಕಿಸುವುದನ್ನೂ ಹತ್ತು ಸಲ ಮಾಡಿನೋಡಿ. ಪಕ್ಕದ ಮನೆಯವರು ನೋಡಿ ನಕ್ಕರೆ ನಗಲಿ. ಬೆನ್ನಿನಲ್ಲಿ ಬಲೂನಿನಂತೆ ಉಬ್ಬುವ ಏರ್‌ಬ್ಯಾಗ್ ಚೀಲವೂ ಉಪಯುಕ್ತವೇ. ಆದರೆ ಅದು ಈ ಮೂರಕ್ಕೆ ಬದಲಿಯಲ್ಲ. ಅದರ ಅನಿಲದ ಸಿಲಿಂಡರನ್ನು ವಿಮಾನದಲ್ಲಿ ಒಯ್ಯಲು ಮುಂಚಿತವಾಗಿ ವಿಮಾನ ಕಂಪನಿಯ ಒಪ್ಪಿಗೆಯನ್ನೂ ಪಡೆಯಬೇಕು.

ಇನ್ನು ಸ್ಕಿನ್‌ಗಳ ವಿಷಯ. ಹೊಸಬರ ದಿನ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ಏರುವಾಗ ಸ್ಕೀಯ ತಳಕ್ಕೆ ಅಂಟಿಸುವ ಈ ಪಟ್ಟಿಯ ರೋಮ, ಬೆಕ್ಕಿನ ಮೈಯನ್ನು ತಲೆಯಿಂದ ಬಾಲದ ಕಡೆಗೆ ಸವರಿದಂತೆ, ಮುಂದಕ್ಕೆ ನುಣ್ಣಗೆ ಜಾರುತ್ತದೆ, ಹಿಂದಕ್ಕೆ ಹಿಡಿಯುತ್ತದೆ. ಹಿಂದೆ ಸೀಲ್ ಪ್ರಾಣಿಯ ಚರ್ಮವನ್ನು ಬಳಸುತ್ತಿದ್ದುದರಿಂದ ‘ಸ್ಕಿನ್’ ಎಂಬ ಹೆಸರು ಉಳಿದಿದೆ. ಈಗ ನೈಲಾನ್ ಅಥವಾ ಅಂಗೋರಾ ಮೇಕೆಯ ಕೂದಲು. ಎರಡನೆಯ ಬದಿಯ ಅಂಟು ಇದರ ಜೀವ. ನನ್ನ ಮೊದಲ ಚಳಿಗಾಲದಲ್ಲಿ ಒಂದು ಇಳಿತ ಮುಗಿಸಿ ಮತ್ತೆ ಏರಲು ಸ್ಕಿನ್ ಹಚ್ಚುವಾಗ ಗಾಳಿಗೆ ಒಂದು ಪಟ್ಟಿ ಕೈಜಾರಿ ಅಂಟಿನ ಬದಿ ಕೆಳಗಾಗಿ ಪುಡಿಹಿಮದ ಮೇಲೆ ಬಿತ್ತು. ಎತ್ತಿ ನೋಡಿದರೆ ಸಕ್ಕರೆಯಲ್ಲಿ ಹೊರಳಿಸಿದ ಬಾದೂಷದಂತಿತ್ತು. ಹಾಗೆಯೇ ಅಂಟಿಸಿ ಹೊರಟೆ. ಇಪ್ಪತ್ತು ಹೆಜ್ಜೆಗೆ ಬಾಲದ ಕಡೆಯಿಂದ ಸಿಪ್ಪೆಯಂತೆ ಸುಲಿದು ಬಂತು. ಜೊತೆಗಿದ್ದ ಕಾಶ್ಮೀರಿ ಗೈಡ್ ಏನೂ ಹೇಳದೆ ಅದನ್ನು ತೆಗೆದುಕೊಂಡು ಸ್ಕೀಯ ಲೋಹದ ಅಂಚಿಗೆ ಅಂಟಿನ ಬದಿಯನ್ನು ಉಜ್ಜಿ ಹಿಮ ಕೆರೆದು, ಮಡಚಿ, ತಮ್ಮ ಜಾಕೆಟ್ಟಿನೊಳಗೆ ಎದೆಗೆ ಇಟ್ಟುಕೊಂಡರು. ಐದು ನಿಮಿಷದ ಮೇಲೆ ಹೊರತೆಗೆದು ಹಚ್ಚಿ, ಮಧ್ಯದಲ್ಲಿ ಒಂದು, ಬಾಲದಲ್ಲಿ ಒಂದು ಸ್ಟ್ರ್ಯಾಪ್ ಬಿಗಿದುಕೊಟ್ಟರು. ಆ ದಿನವೆಲ್ಲ ಅದು ನಿಂತಿತು.

ಆದ್ದರಿಂದ ಇಳಿಯುವಾಗ ಸ್ಕಿನ್‌ಗಳನ್ನು ಬ್ಯಾಗಿಗೆ ಹಾಕದೆ ಜಾಕೆಟ್ಟಿನ ಒಳಜೇಬಿನಲ್ಲಿಟ್ಟುಕೊಳ್ಳಿ. ಎಳೆದರೆ ಹಿಗ್ಗುವ ಸ್ಕೀ ಸ್ಟ್ರ್ಯಾಪ್‌ಗಳನ್ನು ಮೂರಾದರೂ ಒಯ್ಯಿರಿ. ನನ್ನ ಮಟ್ಟಿಗೆ ಇಡೀ ಬ್ಯಾಗಿನಲ್ಲಿ ತೂಕಕ್ಕೆ ತಕ್ಕ ಬೆಲೆ ಅತಿ ಹೆಚ್ಚಾಗಿರುವ ವಸ್ತು ಇದೇ. ಮುರಿದ ಕೋಲಿಗೆ ದಬ್ಬೆ ಕಟ್ಟಲು, ಕೀಲು ಮುರಿದ ಬೂಟನ್ನು ಬಿಗಿಯಲು, ಉಳುಕಿದ ಕಾಲಿಗೆ ಆಸರೆ ಕೊಡಲು, ಎಲ್ಲಕ್ಕೂ ಅದೇ. ಡಕ್ಟ್ ಟೇಪನ್ನು ಸುರುಳಿಯಾಗಿ ಹೊರದೆ ಸ್ಕೀ ಕೋಲಿಗೇ ಹತ್ತು ಸುತ್ತು ಸುತ್ತಿಡಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ತಿರುಪುಗಳಿಗೆ ಮನೆಯಲ್ಲಿರುವ ಫಿಲಿಪ್ಸ್ ಸ್ಕ್ರೂಡ್ರೈವರ್ ಸರಿಹೊಂದುವುದಿಲ್ಲ. ಪೋಜಿಡ್ರೈವ್ 3ನೇ ನಂಬರಿನ ಬಿಟ್ ಬೇಕು. ಬೂಟಿನ ಮೂತಿಯನ್ನು ಎರಡು ಮೊಳೆಗಳಿಂದ ಕಚ್ಚುವ ಟೂರಿಂಗ್ ಬೈಂಡಿಂಗ್‌ನ ಅಡಿಯಲ್ಲಿ ಮಂಜುಗಡ್ಡೆ ಸೇರಿದರೆ ಅದು ಪೂರ್ತಿ ಮುಚ್ಚದೆ ಇಳಿತದಲ್ಲಿ ಕಳಚಿಕೊಳ್ಳುತ್ತದೆ. ಅದನ್ನು ಕೆರೆಯಲೂ ಆ ಬಿಟ್ಟಿನ ಹಿಡಿಯೇ ಸಾಕು.

ಬಟ್ಟೆಯ ವಿಷಯದಲ್ಲಿ ಕಾಶ್ಮೀರಿಗಳ ಕಾಂಗ್ಡಿಯನ್ನು ನೆನೆಯುತ್ತೇನೆ. ಅವರು ನಿಲುವಂಗಿಯಾದ ಫೆರನ್‌ನೊಳಗೆ ಕೆಂಡದ ಮಡಕೆಯನ್ನು ಹಿಡಿದು ಓಡಾಡುತ್ತಾರೆ. ಅದು ತಾನೇ ಬಿಸಿ ಕೊಡುತ್ತದೆ. ನೀವು ದುಬಾರಿ ಬೆಲೆಗೆ ಕೊಂಡ ಗರಿಯ ಜಾಕೆಟ್ಟು ಹಾಗೆ ಕೊಡುವುದಿಲ್ಲ, ಮೈಯಲ್ಲಿ ಉಳಿದಿರುವ ಬಿಸಿಯನ್ನು ಕಾಯುತ್ತದೆ, ಅಷ್ಟೆ. ಏರುವಾಗ ಮೈ ತಾನೇ ಒಲೆಯಾಗಿರುವುದರಿಂದ ಉಣ್ಣೆಯ ಅಥವಾ ಸಿಂಥೆಟಿಕ್ ಒಳ ಅಂಗಿ, ತೆಳು ಜಾಕೆಟ್, ತೆಳು ಕೈಗವಸು ಸಾಕು. ಹೊರಟ ಮೊದಲ ಹತ್ತು ನಿಮಿಷ ತುಸು ಚಳಿಯೆನಿಸಿದರೆ ಸರಿಯಾಗಿ ತೊಟ್ಟಿದ್ದೀರಿ ಎಂದರ್ಥ. ನಿಂತ ಕೂಡಲೇ, ಚಳಿ ಅನಿಸುವ ಮೊದಲೇ, ಗರಿಯ ಜಾಕೆಟ್ ಬ್ಯಾಗಿನ ಮೇಲ್ಭಾಗದಿಂದ ಹೊರಗೆ ಬರಬೇಕು. ಹತ್ತಿಯ ಬನಿಯನ್ ಹೋಟೆಲಿನಲ್ಲೇ ಇರಲಿ. ಬೆವರು ಕುಡಿದ ಹತ್ತಿ ಒಣಗುವುದಿಲ್ಲ. ಇಳಿಯುವುದಕ್ಕೆ ಒಣಗಿದ ದಪ್ಪ ಕೈಗವಸು ಬೇರೆಯೇ ಇರಲಿ.

ಕಣ್ಣಿಗೆ ಏರುವಾಗ ಬದಿ ಮುಚ್ಚುವ ಕಪ್ಪು ಕನ್ನಡಕ, ಇಳಿಯುವಾಗ ಗಾಗಲ್ಸ್. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಶೇ 80ರವರೆಗೆ ಮರಳಿ ಎಸೆಯುವುದರಿಂದ ಮೂಗಿನ ಕೆಳಭಾಗಕ್ಕೂ ಗಲ್ಲದಡಿಗೂ ಸನ್‌ಸ್ಕ್ರೀನ್ ಹಚ್ಚಬೇಕಾಗುತ್ತದೆ. ಕಪ್ಪು ಚರ್ಮಕ್ಕೆ ಬೇಡ ಎಂಬ ನಮ್ಮ ಧೈರ್ಯ ಅಲ್ಲಿ ನಡೆಯದು.

ನೀರು ಒಂದೂವರೆ ಲೀಟರಿಗೆ ಕಡಿಮೆಯಿರಬಾರದು, ಅದರಲ್ಲಿ ಅರ್ಧ ಲೀಟರ್ ಫ್ಲಾಸ್ಕಿನಲ್ಲಿ ಬಿಸಿಯಾಗಿರಲಿ. ಕೊಳವೆಯಿಂದ ಹೀರುವ ನೀರಿನ ಚೀಲ ಬೇಡ, ಕೊಳವೆ ಮೊದಲು ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಮೇಲ್ಗಡೆ ಮಂಜುಗಡ್ಡೆ ಕಟ್ಟಿದರೂ ಮುಚ್ಚಳದ ಬಾಯಿ ತೆರೆದಿರುತ್ತದೆ. ತಿನ್ನಲು ಚಿತ್ರಾನ್ನ ಕಟ್ಟಿಸಿಕೊಳ್ಳಬೇಡಿ. ನಾನು ಕಟ್ಟಿಸಿಕೊಂಡಿದ್ದೆ, ಮಧ್ಯಾಹ್ನದ ಹೊತ್ತಿಗೆ ಅನ್ನ ಗಟ್ಟಿಯಾಗಿ ಅಕ್ಕಿಯ ಕಾಳಿನಂತೆ ಹಲ್ಲಿಗೆ ಸಿಗುತ್ತಿತ್ತು. ಕಡಲೆಬೀಜದ ಚಿಕ್ಕಿಯನ್ನು ರಾತ್ರಿಯೇ ಚೂರು ಮಾಡಿ ಜೇಬಿಗೆ ಹಾಕಿಕೊಂಡರೆ ಕೈಗವಸು ತೆಗೆಯದೆ ನಡೆನಡೆಯುತ್ತಲೇ ತಿನ್ನಬಹುದು. ಅಂಟಿನುಂಡೆಯನ್ನು ಒಳಜೇಬಿನಲ್ಲಿಟ್ಟುಕೊಂಡರೆ ಮೆತ್ತಗಿರುತ್ತದೆ.

ಪಟ್ಟಿಯಲ್ಲಿ ನಿಮಗೆ ಅತಿಯೆನಿಸಿರುವ ಹೆಡ್‌ಲ್ಯಾಂಪ್, ಮೈ ತೂರಿಸುವ ತುರ್ತು ಚೀಲ, ಕುಳಿತುಕೊಳ್ಳುವ ಫೋಮ್ ತುಂಡು, ಪ್ರಥಮ ಚಿಕಿತ್ಸೆಯ ಪೊಟ್ಟಣ, ಇವೆಲ್ಲ ಒಂದೇ ಸಂದರ್ಭಕ್ಕಾಗಿ ಇರುವಂಥವು. ಒಬ್ಬರ ಮಂಡಿ ತಿರುಚಿತು ಎಂದುಕೊಳ್ಳಿ. ಕೆಳಗಿನಿಂದ ಎಳೆಬಂಡಿ ಬರುವವರೆಗೆ ಎರಡೋ ಮೂರೋ ಗಂಟೆ ನಾಲ್ವರೂ ಹಿಮದ ಮೇಲೆ ಕುಳಿತಿರಬೇಕು. ಫೆಬ್ರವರಿಯಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಬೆಟ್ಟದ ನೆರಳು ಅದಕ್ಕೂ ಮೊದಲೇ ಬೀಳುತ್ತದೆ. ದಿನದ ಟೂರಿಂಗ್ ಎಂದರೆ ನಡೆಯುತ್ತಲೇ ಇರುವ ದಿನ. ಬ್ಯಾಗು ಮಾತ್ರ ನಡೆಯಲಾಗದೆ ನಿಂತ ಹೊತ್ತಿಗಾಗಿ ತುಂಬಿರುವುದು. ತುರ್ತು ಚೀಲ, ದುರಸ್ತಿಯ ಸಾಮಾನು, ಪ್ರಥಮ ಚಿಕಿತ್ಸೆಯ ಪೊಟ್ಟಣ, ಇವನ್ನು ನಾಲ್ವರಲ್ಲಿ ಹಂಚಿಕೊಂಡು ಹೊರಬಹುದು. ನಿಮ್ಮ ಹಂಚಿಕೆಯ ಆಲೋಚನೆ ಸಲ್ಲುವುದು ಇಲ್ಲಿ.

ಫೋನು ಒಳಜೇಬಿನಲ್ಲಿ, ಟ್ರಾನ್ಸೀವರ್‌ನಿಂದ ದೂರದಲ್ಲಿ ಇರಲಿ. ಚಳಿಗೆ ಚಾರ್ಜು ಕರಗುತ್ತದೆ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲವಾದ್ದರಿಂದ ನಾಲ್ವರಲ್ಲಿ ಇಬ್ಬರದಾದರೂ ಪೋಸ್ಟ್‌ಪೇಯ್ಡ್ ಆಗಿರಬೇಕು. ಅಮೆರಿಕದಿಂದಲೋ ಯುರೋಪಿನಿಂದಲೋ ಬರುವ ಗೆಳೆಯರು ನಿಮ್ಮ ಜೊತೆ ಸೇರುವುದಾದರೆ ಅವರಿಗೊಂದು ಮಾತು ಹೇಳಿಡಿ: ಅಲ್ಲಿನ ಬೆಟ್ಟಗಳಲ್ಲಿ ಎಲ್ಲರೂ ಒಯ್ಯುವ ಉಪಗ್ರಹ ಸಂದೇಶ ಸಾಧನವನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಕಾನೂನುಬಾಹಿರ, ವಿಮಾನ ನಿಲ್ದಾಣದಲ್ಲೇ ಪೊಲೀಸರ ಕೈಗೆ ಸಿಕ್ಕವರಿದ್ದಾರೆ.

ಇಷ್ಟೂ ಸೇರಿ 30ರಿಂದ 35 ಲೀಟರಿನ ಬ್ಯಾಗಿನಲ್ಲಿ ಕೂರುತ್ತದೆ, ನೀರು ಸಹಿತ ಏಳೆಂಟು ಕಿಲೋ ತೂಗುತ್ತದೆ. ಹಿಂದಿನ ರಾತ್ರಿಯೇ ಎಲ್ಲವನ್ನೂ ಮಂಚದ ಮೇಲೆ ಹರಡಿ, ಕೊನೆಗೆ ಬೇಕಾಗುವುದನ್ನು ಮೊದಲು ತುಂಬಿ. ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಮುನ್ಸೂಚನೆಯನ್ನು ಬೆಳಿಗ್ಗೆ ಗೈಡ್ ಜೊತೆ ಓದಿ. ಅಂದು ಹೋಗುವುದು ಬೇಡವೆಂದು ಅವರು ಹೇಳಿದರೆ, ತುಂಬಿದ ಬ್ಯಾಗನ್ನು ಬಿಚ್ಚದೆ ಬಾಗಿಲ ಬಳಿಯೇ ಇಟ್ಟು, ಟ್ರಾನ್ಸೀವರ್‌ಗಳನ್ನು ಮಾತ್ರ ಹೋಟೆಲಿನ ಹಿಂದಿನ ಬಯಲಿಗೆ ಒಯ್ದು ಒಂದನ್ನು ಹೂತಿಟ್ಟು ಹುಡುಕುವುದನ್ನು ಅಭ್ಯಾಸ ಮಾಡಿ.