ರೆಮಿಷನ್ ಬಂದರೆ ಕ್ಯಾನ್ಸರ್ ಹೋಯಿತು ಅಂತಲ್ಲ: ಸೇಂಟ್ ಜೂಡ್ ಪ್ರಯೋಗಗಳ ಟಿಪ್ಪಣಿ

ಮಕ್ಕಳಲ್ಲಿ ಜಾಸ್ತಿ ಕಾಣಿಸುವ ರಕ್ತದ ಕ್ಯಾನ್ಸರ್ ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಚಿಕ್ಕದಾಗಿ ಎಎಲ್‌ಎಲ್. 1962ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ ಶುರುವಾದಾಗ ಇದರಿಂದ ಬದುಕುಳಿಯುತ್ತಿದ್ದವರು ನೂರಕ್ಕೆ ನಾಲ್ಕು ಮಕ್ಕಳು ಮಾತ್ರ. ಔಷಧ ಇರಲಿಲ್ಲ ಅಂತಲ್ಲ. ಪ್ರೆಡ್ನಿಸೋನ್ ಅನ್ನುವ ಸ್ಟೀರಾಯ್ಡ್ ಮತ್ತು ನಮ್ಮ ಅಂಗಳದ ನಿತ್ಯಪುಷ್ಪದಿಂದ ತೆಗೆಯುವ ವಿನ್‌ಕ್ರಿಸ್ಟೀನ್ ಸೇರಿಸಿ ಕೊಟ್ಟರೆ ಹೆಚ್ಚಿನ ಮಕ್ಕಳಿಗೆ ರೆಮಿಷನ್ (ಪರೀಕ್ಷೆಯಲ್ಲಿ ಕಾಯಿಲೆ ಕಾಣದ ಸ್ಥಿತಿ) ಬರುತ್ತಿತ್ತು. ಆಮೇಲೆ ಕಾಯಿಲೆ ಮರಳುತ್ತಿತ್ತು. ಯಾಕೆ?

ಇಲ್ಲೇ ತಲೆ ಕೆಡೋದು, ನಿಧಾನವಾಗಿ ನೋಡೋಣ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿರುತ್ತವೆ. ಅಂದರೆ ಒಂದರ ಮುಂದೆ 12 ಸೊನ್ನೆ. ಔಷಧ ಪ್ರತಿ ಸಲ ಇಂತಿಷ್ಟೇ ಕೋಶ ಕೊಲ್ಲುತ್ತದೆ ಅಂತ ಲೆಕ್ಕ ಹಾಕಬೇಡಿ. ಇದ್ದದ್ದರಲ್ಲಿ ಇಷ್ಟು ಪಾಲು ಕೊಲ್ಲುತ್ತದೆ. ಶೇ 99.9 ಸತ್ತವು ಅನ್ನಿ. ಕೇಳಲು ಎಲ್ಲಾ ಮುಗಿದ ಹಾಗಿದೆ, ಅಲ್ವಾ? ಹೋಗಿದ್ದು ಮೂರೇ ಸೊನ್ನೆ. ಇನ್ನೂ 9 ಸೊನ್ನೆ ಉಳಿದಿವೆ, ಅಂದರೆ ನೂರು ಕೋಟಿ ಕೋಶ! ಮಜ್ಜೆಯ ಸ್ಲೈಡ್‌ನಲ್ಲಿ ಎಳೆಯ ಕೋಶಗಳು (ಈ ಕಾಯಿಲೆಯಲ್ಲಿ ಕ್ಯಾನ್ಸರ್ ಕೋಶಗಳು ಇವೇ) ಶೇ 5ಕ್ಕಿಂತ ಕಡಿಮೆ ಇದ್ದರೆ ರೆಮಿಷನ್ ಅಂತ ಬರೆಯುತ್ತಿದ್ದರು. ಈ ನೂರು ಕೋಟಿ ಆ ಮಿತಿಯೊಳಗೆ ಆರಾಮಾಗಿ ಅಡಗಿರುತ್ತವೆ.

ಹಾಗಾಗಿ ಶೇಕಡಾವಾರು ಕಂಡಾಗಲೆಲ್ಲ ಸುಮ್ನೆ ಸೊನ್ನೆ ಎಣಿಸಿ. ಶೇ 90 ಸತ್ತರೆ ಒಂದು ಸೊನ್ನೆ, ಶೇ 99 ಸತ್ತರೆ ಎರಡು. ಈಗಿನ ಎಂಆರ್‌ಡಿ ಪರೀಕ್ಷೆಯಲ್ಲಿ (ಚಿಕಿತ್ಸೆ ಆದ ಮೇಲೂ ಉಳಿದ ಕ್ಯಾನ್ಸರ್ ಕೋಶಗಳನ್ನು ಹುಡುಕುವ ಪರೀಕ್ಷೆ) ಶೇ 0.01 ಅಂತ ಬರುತ್ತದಲ್ಲ, ಅದು ನಾಲ್ಕು ಸೊನ್ನೆ ಹೋದ ಮಟ್ಟ. ಆಗಲೂ ಹತ್ತು ಕೋಟಿ ಕೋಶ ಉಳಿದಿರಬಹುದು. ರೆಮಿಷನ್ ಬಂದ ಮೇಲೂ ವರ್ಷಗಟ್ಟಲೆ 6-ಎಂಪಿ, ಮೆಥೋಟ್ರೆಕ್ಸೇಟ್ ಎಂಬ ಔಷಧಗಳನ್ನು ಕೊಡುವುದು ಇದಕ್ಕೇ. ಒಂದೇ ಔಷಧ ಸಾಲದು, ಅದಕ್ಕೆ ಬಗ್ಗದ ಕೋಶಗಳು ಬೆಳೆದುಬಿಡುತ್ತವೆ.

ಇನ್ನೊಂದು ಅಡಗುತಾಣ ಮಿದುಳು. ರಕ್ತದಲ್ಲಿರುವ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಆಸ್ಪತ್ರೆಯ ಮೊದಲ ನಿರ್ದೇಶಕ ಡೊನಾಲ್ಡ್ ಪಿಂಕೆಲ್ ಅವರ ತಂಡ 1967ರಲ್ಲಿ ಶುರು ಮಾಡಿದ ‘ಟೋಟಲ್ ಥೆರಪಿ’ 5ನೇ ಪ್ರಯೋಗದಲ್ಲಿ, ಮಿದುಳಿನಲ್ಲಿ ಕಾಯಿಲೆ ಕಾಣಿಸುವ ಮೊದಲೇ ತಲೆಗೆ ರೇಡಿಯೇಷನ್ ಕೊಟ್ಟು ಬೆನ್ನಿನ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಮೆಥೋಟ್ರೆಕ್ಸೇಟ್ ಚುಚ್ಚಿತು. ಸುಮಾರು ಅರ್ಧದಷ್ಟು ಮಕ್ಕಳು ಉಳಿದರು. ಒಂದೇ ದಶಕದಲ್ಲಿ ನಾಲ್ಕರಿಂದ ಐವತ್ತಕ್ಕೆ!

ರೇಡಿಯೇಷನ್‌ಗೆ ತೆತ್ತ ಬೆಲೆಯೂ ದೊಡ್ಡದೇ: ಬೆಳವಣಿಗೆ ಕುಂಠಿತ, ಕಲಿಕೆಗೆ ತೊಂದರೆ. 2009ರಲ್ಲಿ ಪ್ರಕಟವಾದ 15ನೇ ಪ್ರಯೋಗದಲ್ಲಿ 498 ಮಕ್ಕಳಲ್ಲಿ ಯಾರಿಗೂ ಮುನ್ನೆಚ್ಚರಿಕೆ ಅಂತ ತಲೆಗೆ ರೇಡಿಯೇಷನ್ ಕೊಡಲಿಲ್ಲ, ಔಷಧಗಳನ್ನೇ ನಂಬಿದರು. ಐದು ವರ್ಷದ ಬದುಕುಳಿಯುವಿಕೆ ಶೇ 93.5.